ಪಟ್ಟಿ ಖಾಲಿ, ಕೈ ತುಂಬ ಕೆಲಸ

ಜೂನ್‌ನಲ್ಲಿ ಮಗಳನ್ನು ನರ್ಸರಿಗೆ ಸೇರಿಸುವಾಗ ಎರಡು ಪಟ್ಟಿ (ನೋಟ್‌ಬುಕ್), ಒಂದು ಪೆನ್ಸಿಲ್ ಡಬ್ಬಿ, ಒಂದು ರೇನ್‌ಕೋಟ್ ತಂದಿದ್ದೆ. ಚೌತಿ ಹೊತ್ತಿಗೆ ರೇನ್‌ಕೋಟ್ ಹರಿದಿತ್ತು. ಪಟ್ಟಿ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು, ಒಂದು ಅಕ್ಷರವಿಲ್ಲ. ಪಕ್ಕದ ಮನೆಯ ಹುಡುಗ ಇವಳಿಗಿಂತ ಎರಡೇ ತಿಂಗಳು ದೊಡ್ಡವ, ಬೇರೆ ಕಡೆ ಹೋಗುತ್ತಾನೆ. ಅವನ ಪಟ್ಟಿಯಲ್ಲಿ ದಿನಾ ನಾಲ್ಕು ಸಾಲು ಎಬಿಸಿಡಿ, ಕೆಳಗೆ ಕೆಂಪು ಶಾಯಿಯ ನಕ್ಷತ್ರ. ಅವನ ತಾಯಿ ಏನೂ ಹೇಳಲಿಲ್ಲ, ಪಟ್ಟಿಯನ್ನು ಕಟ್ಟೆಯ ಮೇಲೆ ತೆರೆದಿಟ್ಟು ಒಳಗೆ ಹೋದರು. ಅಷ್ಟು ಸಾಕಾಯಿತು ನನಗೆ.

ಮರುದಿನ ನರ್ಸರಿಯ ಅಕ್ಕೋರ, ಅಂದರೆ ಟೀಚರ ಹತ್ತಿರ ಹೋಗಿ, "ಮೂರು ತಿಂಗಳಾಯ್ತಲ್ಲ, ಏನೂ ಬರೆಸ್ತಾ ಇಲ್ವಾ?" ಎಂದು ಕೇಳಿದೆ. ಅವರು ವಾದಕ್ಕೆ ನಿಲ್ಲಲಿಲ್ಲ. "ಒಂದು ಬೆಳಿಗ್ಗೆ ಬಂದು ಮೂಲೆಯಲ್ಲಿ ಕೂತ್ಕೊಳ್ಳಿ. ಮಕ್ಕಳ ಹತ್ರ ಮಾತಾಡ್ಬೇಡಿ. ಆಮೇಲೆ ಕೇಳಿ" ಅಂದರು.

ನಾನು ಕೂತದ್ದು ಒಂದಲ್ಲ, ಮೂರು ಬೆಳಿಗ್ಗೆ. ಕಾರವಾರದ ಹಳೆಯ ಹಂಚಿನ ಮನೆಯೊಂದರ ಜಗುಲಿ, ಎರಡು ಕೋಣೆ, ಹದಿನೇಳು ಮಕ್ಕಳು, ಇಬ್ಬರು ಅಕ್ಕೋರು. ಆಮೇಲೆ ಪರಿಚಯದವರ ಮೂಲಕ ಬೈತಖೋಲ ಬಂದರಿನ ಕಡೆಯ ಒಂದು ಅಂಗನವಾಡಿಯಲ್ಲೂ ಅರ್ಧ ದಿನ ಕಳೆದೆ. ನಮ್ಮ ಕಡೆ ಎಲ್ಲರೂ ಅದನ್ನು ಬಾಲವಾಡಿ ಅಂತಲೇ ಕರೆಯುವುದು. ಕಂಡದ್ದು ಅರ್ಥವಾಗಲು ಒಂದಿಷ್ಟು ಓದಿದೆ. ಶಿರಸಿಯ ಮಾವನವರಿಗೆ ಫೋನಿನಲ್ಲಿ "ನರ್ಸರಿಯಲ್ಲಿ ಕೂತಿದ್ದೆ" ಎಂದಾಗ, "ಅಡಿಕೆ ಸಸಿ ಎಷ್ಟಂತೆ ಈ ಸಲ?" ಎಂದು ಕೇಳಿದರು. ಘಟ್ಟದ ಮೇಲೆ ನರ್ಸರಿ ಅಂದರೆ ಇನ್ನೂ ಅದೇ.

ಬಾಗಿಲಿನಲ್ಲಿ

ಒಂಬತ್ತೂವರೆಗೆ ಬಾಗಿಲಿನಲ್ಲಿ ಅಳು ಶುರು. ಮಗು ಬೇರೆ ಕಡೆ ನೋಡುವಾಗ ಅಪ್ಪ-ಅಮ್ಮ ಮೆಲ್ಲಗೆ ಜಾರಿಕೊಳ್ಳುವುದು ಎಲ್ಲ ಕಡೆಯ ಪದ್ಧತಿ. ಈ ಅಕ್ಕೋರು ಅದನ್ನು ಬಿಡುವುದಿಲ್ಲ. "ಕದ್ದು ಹೋಗ್ಬೇಡಿ. ಹೇಳಿ ಹೋಗಿ, ಅತ್ತರೂ ಪರವಾಗಿಲ್ಲ." ಮೊದಲು ಇದು ನಿಷ್ಠುರ ಅನ್ನಿಸಿತ್ತು.

ಹೋದವರು ತಿರುಗಿ ಬರುತ್ತಾರೆ ಎನ್ನುವುದು ಮೂರು ವರ್ಷದ ಮಗುವಿಗೆ ಅನುಭವದಿಂದ ಬರಬೇಕಾದ ತಿಳಿವಳಿಕೆ. ಹೇಳಿ ಹೋದವರು ಹೇಳಿದ ಹೊತ್ತಿಗೆ ಬಂದರು, ಹೀಗೆ ಇಪ್ಪತ್ತು ಸಲ ಆದ ಮೇಲೆ ಮಗುವಿಗೆ ನಂಬಿಕೆ ಕೂರುತ್ತದೆ. ಕದ್ದು ಹೋದರೆ ಅದು ಕಲಿಯುವ ಪಾಠ ಬೇರೆ: ಕಣ್ಣು ತೆಗೆದರೆ ಆಯಿ (ಅಮ್ಮ) ಮಾಯವಾಗುತ್ತಾಳೆ. ಆಗ ಅದು ಆಟಿಕೆಯನ್ನೂ ನೋಡುವುದಿಲ್ಲ, ಕಥೆಯನ್ನೂ ಕೇಳುವುದಿಲ್ಲ, ಬಾಗಿಲನ್ನೇ ಕಾಯುತ್ತದೆ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ, ಅವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಕಳೆದ ಶತಮಾನದ ನಡುವಿನಲ್ಲಿ ತೋರಿಸಿದ್ದು ಇದನ್ನೇ. ನೆಚ್ಚಿಕೊಳ್ಳಲು ಒಬ್ಬ ದೊಡ್ಡವರು ಹತ್ತಿರ ಇದ್ದಾರೆ ಎಂಬ ಧೈರ್ಯವಿದ್ದ ಮಗುವೇ ಅವರನ್ನು ಬಿಟ್ಟು ದೂರ ಹೋಗಿ ಹೊಸದನ್ನು ಮುಟ್ಟಿ ನೋಡುತ್ತದೆ. ನರ್ಸರಿಯಲ್ಲಿ ಆ ದೊಡ್ಡವರು ಅಕ್ಕೋರೇ ಆಗಬೇಕು. ಅದಕ್ಕೇ ಆರಾರು ತಿಂಗಳಿಗೆ ಟೀಚರ್ ಬದಲಾಗುವ ಜಾಗ ಎಷ್ಟು ಚಂದ ಬಣ್ಣ ಬಳಿದುಕೊಂಡಿದ್ದರೂ ನನಗೆ ಅನುಮಾನ.

ಗೋಡೆಯ ಮೇಲೆ ಏಳು ಚಿತ್ರಗಳ ಸಾಲು ಇತ್ತು: ಚಪ್ಪಲಿ, ಹಾಡು, ಹಾಲು, ಆಟ, ಕಥೆ, ಊಟ, ಸೀರೆಯುಟ್ಟ ಹೆಂಗಸು. "ಒಂದು ಗಂಟೆಗೆ ಬರ್ತೇನೆ" ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ, "ಊಟ ಆದ ಮೇಲೆ ಆಯಿ" ಅಂದರೆ ತಿಳಿಯುತ್ತದೆ. ಅಳುತ್ತಿದ್ದ ಹುಡುಗಿಯೊಬ್ಬಳು ಹಾಲು ಕುಡಿದ ಮೇಲೆ ಹೋಗಿ ಆ ಚಿತ್ರಗಳ ಮೇಲೆ ಬೆರಳಿಟ್ಟು ಇನ್ನೆಷ್ಟು ಉಳಿದಿದೆ ಎಂದು ನೋಡಿಬಂದಳು. ಎಡದಿಂದ ಬಲಕ್ಕೆ, ಒಂದಾದ ಮೇಲೊಂದು. ಓದುವಾಗ ಕಣ್ಣು ಹೋಗುವ ದಾರಿಯೂ ಅದೇ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಮಣಿಕಟ್ಟಿನ ಎಂಟು ಎಲುಬು

ಈಗ ಪಟ್ಟಿಯ ವಿಷಯ.

ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನ ಕೈಯನ್ನು ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಅಲ್ಲಿರುವುದು ಇನ್ನೂ ಮೆತ್ತನೆಯ ಮೃದ್ವಸ್ಥಿ. ಮೊದಲ ಎರಡು ಕೆಲವೇ ತಿಂಗಳಲ್ಲಿ ಗಟ್ಟಿಯಾಗತೊಡಗುತ್ತವೆ, ಉಳಿದವು ಒಂದೊಂದಾಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ಆರು ವರ್ಷದ ಆಸುಪಾಸಿಗೆ ಏಳು ಕಾಣಿಸುತ್ತವೆ, ಎಂಟನೆಯದು ಅದಕ್ಕೂ ಎಷ್ಟೋ ತಡ. ಈ ಕ್ರಮ ಎಷ್ಟು ನಂಬಿಕಸ್ಥವೆಂದರೆ ಮಗುವಿನ ಎಲುಬಿನ ವಯಸ್ಸು ತಿಳಿಯಲು ವೈದ್ಯರು ತೆಗೆಸುವುದೇ ಎಡಗೈ ಮಣಿಕಟ್ಟಿನ ಎಕ್ಸ್‌ರೇ. ಎಲುಬೊಂದೇ ಅಲ್ಲ. ಕೈಯ ಹತೋಟಿಯೂ ಮೊದಲು ಭುಜಕ್ಕೆ, ಆಮೇಲೆ ಮೊಣಕೈಗೆ, ಮಣಿಕಟ್ಟಿಗೆ, ಕೊನೆಗೆ ಬೆರಳ ತುದಿಗೆ ಇಳಿಯುತ್ತದೆ. ಮೂರು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಮೊಂಡುತನದಿಂದಲ್ಲ, ಬೆರಳಿಗೆ ಇನ್ನೂ ಅಷ್ಟು ಬಲ ಬಂದಿಲ್ಲ.

ಕೈಗೆ ಬರುವ ಆಕಾರಗಳಿಗೂ ಒಂದು ಸರದಿಯಿದೆ. ನೋಡಿಕೊಂಡು ದುಂಡನೆಯ ಸುತ್ತು ಬರೆಯುವುದು ಮೂರರ ಹೊತ್ತಿಗೆ, ಕೂಡಿಸುವ ಚಿಹ್ನೆಯಂತೆ ಗೆರೆಯನ್ನು ಗೆರೆ ದಾಟಿಸುವುದು ನಾಲ್ಕರ ಹೊತ್ತಿಗೆ, ಚೌಕ ನಾಲ್ಕೂವರೆ, ತ್ರಿಕೋನ ಐದು. ಒಂದೆರಡು ತಿಂಗಳು ಹಿಂದೆಮುಂದೆ ಆಗಬಹುದು, ಸರದಿ ಹೆಚ್ಚಾಗಿ ತಪ್ಪುವುದಿಲ್ಲ. ನನ್ನ ಮಗಳಿಗೆ ಆಗ ಮೂರು ವರ್ಷ ನಾಲ್ಕು ತಿಂಗಳು. ಸುತ್ತು ಈಗಷ್ಟೇ ಕೂಡಿಕೊಳ್ಳುತ್ತಿತ್ತು. ಅವಳಿಂದ 'ಕ' ಬರೆಸಬೇಕು ಅಂತ ನಾನು ಹೊರಟಿದ್ದೆ.

ಬರೆಸದಿದ್ದರೆ ಆ ಕೈ ದಿನವಿಡೀ ಏನು ಮಾಡುತ್ತಿತ್ತು? ಮೊದಲ ದಿನ ಲೆಕ್ಕ ಇಟ್ಟೆ. ಚಪ್ಪಲಿಯ ಪಟ್ಟಿ ಬಿಚ್ಚಿತು. ನೆಲದ ನೀರನ್ನು ಬಟ್ಟೆಯಲ್ಲಿ ಒರೆಸಿ ಬಕೆಟ್‌ಗೆ ಹಿಂಡಿತು. ಹಿಂಡುವಾಗ ಎರಡು ಕೈ ಎರಡು ದಿಕ್ಕಿಗೆ ತಿರುಗಬೇಕು, ಮಣಿಕಟ್ಟಿಗೆ ಅದಕ್ಕಿಂತ ಒಳ್ಳೆಯ ಕಸರತ್ತಿಲ್ಲ. ಅಲಸಂದೆ ಕಾಯಿ ಸುಲಿಯಿತು. ಗೋಧಿಹಿಟ್ಟಿನ ಮುದ್ದೆಯಿಂದ ಹಾವು, ಲಾಡು, ಏಡಿ ಮಾಡಿತು. ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಭುಜ ತಿರುಗಿಸಿ ತಿರುಗಿಸಿ ದೊಡ್ಡ ಸುತ್ತುಗಳನ್ನು ಎಳೆಯಿತು. ಕನ್ನಡದ ಅಕ್ಷರಗಳನ್ನು ಸುಮ್ಮನೆ ಆಕಾರವಾಗಿ ನೋಡಿ: ಅ, ರ, ಠ, ಥ, ಎಲ್ಲ ಸುತ್ತು, ಬಳುಕು, ಕೊಂಡಿ. ಕಟ್ಟೆಯ ಮೇಲೆ ಬಿದ್ದದ್ದು ಅಕ್ಷರದ ಕಚ್ಚಾ ಸಾಮಾನು.

ಮಣಿ ಪೋಣಿಸುವ ಬಗ್ಗೆ ಒಂದು ಮಾತು. ನಮ್ಮ ಕಡೆ ಕೆಲವರು ಚಂದ ಕಾಣುತ್ತದೆ ಎಂದು ಗುಲಗಂಜಿ ಕೊಟ್ಟುಬಿಡುತ್ತಾರೆ. ಬೇಡವೇ ಬೇಡ. ಅದರೊಳಗೆ ಕಡು ವಿಷವಿದೆ, ಅಗಿದರೆ ಜೀವಕ್ಕೇ ಅಪಾಯ. ಹುಣಸೆ ಬೀಜಕ್ಕೆ ಆ ದೋಷವಿಲ್ಲ, ಆದರೆ ಅದು ಮೂಗಿಗೆ ಸರಿಯಾಗಿ ಹಿಡಿಸುವ ಅಳತೆಯದು. ಈ ಅಕ್ಕೋರು ಕೊಡುವುದು ಹಳೆಯ ಬಾಟಲಿ ಮುಚ್ಚಳಕ್ಕೆ ತೂತು ಕೊರೆದದ್ದನ್ನು.

ದೊಡ್ಡ ಮಗನನ್ನು ಬೇರೆ ಕಡೆ ಹಾಕಿದ್ದೆವು. ಹೆಸರು ಬೇಡ. ಮೂರೂವರೆ ವರ್ಷಕ್ಕೇ ಹೋಂವರ್ಕ್. ದಿನಾ ಸಂಜೆ ಪೆನ್ಸಿಲ್ ಕಾಣೆಯಾಗುತ್ತಿತ್ತು. ಎರಡು ವಾರದ ಮೇಲೆ ಅಕ್ಕಿ ಡಬ್ಬಿಯ ತಳದಲ್ಲಿ ಏಳು ಪೆನ್ಸಿಲ್ ಸಿಕ್ಕವು. ಅದನ್ನು ಕಣ್ಣಾರೆ ಕಂಡವಳೇ ಎರಡನೆಯವಳ ಖಾಲಿ ಪಟ್ಟಿ ಕಂಡು ಹೆದರಿದೆ. ಪಕ್ಕದ ಮನೆಯ ಕೆಂಪು ನಕ್ಷತ್ರಕ್ಕೆ ಅಷ್ಟು ಶಕ್ತಿ.

ನೀರು, ಉದಾಕ್, ಪಾನಿ

ಈ ಭಾಗ ಸ್ವಲ್ಪ ಉದ್ದವಾಗುತ್ತದೆ. ಕಾರವಾರದ ನರ್ಸರಿಗೂ ಮೈಸೂರಿನ ನರ್ಸರಿಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ.

ಆ ಹದಿನೇಳು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಮಾತು ಕೊಂಕಣಿ. ಮರಾಠಿಯವರು ಮೂರ್ನಾಲ್ಕು ಮಂದಿ, ಕನ್ನಡದವರು ಅಷ್ಟೇ, ಒಂದು ಉರ್ದು ಮನೆ, ನೌಕಾನೆಲೆಯಲ್ಲಿ ಕೆಲಸ ಮಾಡುವವರ ಒಂದು ಹಿಂದಿ ಮನೆ. ಜಿಲ್ಲೆಯಲ್ಲಿ ಇದೇನು ಅಪರೂಪವಲ್ಲ. ಭಟ್ಕಳದ ಮಗು ನವಾಯತಿ ಆಡುತ್ತಾ ಬರುತ್ತದೆ, ಯಲ್ಲಾಪುರ-ಹಳಿಯಾಳದ ಸಿದ್ದಿ ಮಗು ತನ್ನ ಕೊಂಕಣಿಯೊಂದಿಗೆ, ಅಂಕೋಲೆಯ ಹಾಲಕ್ಕಿ ಮಗು ಪುಸ್ತಕದಲ್ಲಿಲ್ಲದ ಕನ್ನಡದೊಂದಿಗೆ, ಶಿರಸಿಯ ಹವ್ಯಕ ಮಗು ಪಟ್ಟಣದ ಟೀಚರಿಗೆ ಅರ್ಧ ಅರ್ಥವಾಗದ ಕನ್ನಡದೊಂದಿಗೆ.

ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮನೆಯಲ್ಲಿ ಕೊಂಕಣಿ ಬಿಟ್ಟು ಮುರುಕು ಇಂಗ್ಲಿಷಿಗೆ ಇಳಿದ ಅಪ್ಪ-ಅಮ್ಮಂದಿರನ್ನು ನಾನೇ ಬಲ್ಲೆ. ಭಾಷಾ ಸಂಶೋಧಕರು ಹೇಳುವುದು ಇದಕ್ಕೆ ತಿರುಗಿ. "ಮಾಕಾ ನೀರು ಜಾಯ್" (ನನಗೆ ನೀರು ಬೇಕು) ಎಂದು ಮಗು ಬೆರೆಸಿ ಮಾತಾಡಿದರೆ ಅದು ಗೊಂದಲವಲ್ಲ, ಕೈಯಲ್ಲಿದ್ದ ಎಲ್ಲ ಸಾಮಾನನ್ನೂ ಬಳಸಿ ಕೆಲಸ ಸಾಧಿಸುವ ಜಾಣತನ. ಮನೆಮಾತಿನಲ್ಲಿ ಶಬ್ದ, ಕಥೆ, ತರ್ಕ ಗಟ್ಟಿಯಾಗಿದ್ದಷ್ಟೂ ಎರಡನೆಯ ಭಾಷೆ ಅದರ ಮೇಲೆ ಸಲೀಸಾಗಿ ಕೂರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲೇ ಕಲಿಸಿ ಎನ್ನುತ್ತದೆ. ಒಂದೇ ಕೋಣೆಯಲ್ಲಿ ಐದು ಮನೆಮಾತು ಇದ್ದರೆ ಏನು ಮಾಡಬೇಕೆಂಬುದಕ್ಕೆ ಉತ್ತರ ಹುಡುಕಿಕೊಳ್ಳಬೇಕಾದವರು ಅಕ್ಕೋರು.

ಇವರು ಹುಡುಕಿಕೊಂಡ ಉತ್ತರ ಸರಳ. ನೀರು ಕೊಡುವಾಗ "ನೀರು" ಅನ್ನುತ್ತಾರೆ, "ಉದಾಕ್" ಅಂದ ಮಗುವಿಗೆ "ಹೌದು, ಉದಾಕ್, ನೀರು" ಅನ್ನುತ್ತಾರೆ. ತಿದ್ದುವುದಿಲ್ಲ, ಜೋಡಿಸುತ್ತಾರೆ. ಹಿಂದಿ ಮನೆಯ ಹುಡುಗ ಸೇರಿದ ಮೇಲೆ ಆರು ವಾರ ಬಾಯಿ ಬಿಟ್ಟಿರಲಿಲ್ಲವಂತೆ. ಅವನ ತಾಯಿಗೆ ಗಾಬರಿ. ಆದರೆ ಅವನು ಎಲ್ಲ ಆಟಕ್ಕೂ ಸರಿಯಾಗಿ ಏಳುತ್ತಿದ್ದ, ಕೂರುತ್ತಿದ್ದ, ನಗಬೇಕಾದಲ್ಲಿ ನಗುತ್ತಿದ್ದ. ಹೊಸ ಭಾಷೆಯ ನಡುವೆ ಬಿದ್ದ ಎಷ್ಟೋ ಮಕ್ಕಳು ಹೀಗೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. "ಹೇಳು, ಹೇಳು" ಎಂದು ಪೀಡಿಸಿದರೆ ಆ ಕಾಲ ಇನ್ನೂ ಉದ್ದವಾಗುತ್ತದೆ. ಅವನ ಮೊದಲ ಕನ್ನಡ ಮಾತು ಹಾಲು ಬಗ್ಗಿಸುವಾಗ ಬಂದದ್ದು: "ಸಾಕು."

ಇನ್ನು ಅಕ್ಷರ. ವರ್ಣಮಾಲೆಯಲ್ಲಿರುವುದು 49 ಎನ್ನುತ್ತೇವೆ, ಆದರೆ ಮಗು ಕಲಿಯಬೇಕಾದದ್ದು ಅಷ್ಟೇ ಅಲ್ಲ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ರೂಪಗಳು ನಾನೂರು ದಾಟುತ್ತವೆ, ಮೇಲೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಈ ಕಲಿಕೆ ಇಂಗ್ಲಿಷಿನ 26 ಅಕ್ಷರಗಳ ಹಾಗೆ ಬೇಗ ಮುಗಿಯುವಂಥದ್ದಲ್ಲ, ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಅಷ್ಟು ಉದ್ದದ ದಾರಿಯಲ್ಲಿ ಆರು ತಿಂಗಳು ಮೊದಲು ಹೊರಟು ಗಳಿಸುವುದು ಕಡಿಮೆ.

ಆದರೆ ಒಂದು ಬುತ್ತಿ ಮಾತ್ರ ಈ ವಯಸ್ಸಿನಲ್ಲೇ ಕಟ್ಟಿಕೊಳ್ಳಬೇಕು, ಅದು ಕಿವಿಯ ಬುತ್ತಿ. ಮಾತು ತುಂಡು ತುಂಡಾಗುತ್ತದೆ ಎಂದು ಕೇಳಿ ತಿಳಿಯುವುದು. ಕನ್ನಡದಂಥ ಭಾಷೆಯಲ್ಲಿ ಆ ತುಂಡು ಇಂಗ್ಲಿಷಿನ ಒಂಟಿ ಧ್ವನಿಯಲ್ಲ, ಒಂದು ಉಸಿರಿನ ಉಚ್ಚಾರ. ಎರಡನೆಯ ದಿನ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬಂ-ಗ-ಡೆ, ಮೂರು ಚಪ್ಪಾಳೆ. ದೋ-ಣಿ, ಎರಡು. ಹ-ಲ-ಸಿ-ನ-ಹಣ್-ಣು, ಆರು; ಅಷ್ಟು ಉದ್ದದ ಹಣ್ಣು ಎಂದು ನಗುವೋ ನಗು. ಪ್ರಾಸದ ಹಾಡು, ಒಗಟು, ಒಂದೇ ಅಕ್ಷರದಿಂದ ಶುರುವಾಗುವ ಹೆಸರು ಹುಡುಕುವ ಆಟ, ಎಲ್ಲ ಇದೇ ಕೆಲಸದವು. ಮುಂದೆ 'ಬ' ಕಣ್ಣಿಗೆ ಬಿದ್ದಾಗ ಅದಕ್ಕೆ ಅಂಟಿಸಲು ಒಂದು ಸದ್ದು ಕಿವಿಯಲ್ಲಿ ಮೊದಲೇ ಬಿಡಿಯಾಗಿ ಸಿದ್ಧವಿರಬೇಕಲ್ಲ.

ಮಾತಿನ ಬಗೆಯೂ ಮುಖ್ಯ. "ಇದು ಯಾವ ಬಣ್ಣ?" ಎಂದರೆ "ಕೆಂಪು", ಅಲ್ಲಿಗೆ ಮುಗಿಯಿತು. ಅದು ಪರೀಕ್ಷೆ. ಅಕ್ಕೋರು ದೋಣಿಯ ಚಿತ್ರ ತೋರಿಸಿ ಕೇಳಿದ್ದು ಹೀಗೆ:

"ಈ ದೋಣಿ ಯಾಕೆ ನೀರಿಗೆ ಇಳಿಯದೆ ದಡದಲ್ಲೇ ಇದೆ?"

"ಗಾಳಿ ಬಂತು."

"ಬಲೆ ಹರ್ದು ಹೋಯ್ತು."

"ಅಪ್ಪ ಮಲಗಿದಾನೆ."

"ಹೌದಾ? ಬಲೆ ಹರಿದರೆ ಮತ್ತೆ ಏನು ಮಾಡ್ತಾರೆ?"

ಆಮೇಲೆ ಐದು ನಿಮಿಷ ಬಲೆ ಹೆಣೆಯುವ ಮಾತು. ಮನೆಯಲ್ಲಿ ಅಜ್ಜ ಬಲೆ ಹೆಣೆಯುವುದನ್ನು ಕಂಡ ಹುಡುಗ ಅವತ್ತು ಎಲ್ಲರಿಗೂ ಗುರು. ಮಗು ಎಸೆದ ಮಾತನ್ನು ಹಿಡಿದು, ಇನ್ನಷ್ಟು ಸೇರಿಸಿ ತಿರುಗಿ ಎಸೆಯುವುದು. ಶಬ್ದ ಭಂಡಾರ ಬೆಳೆಯುವುದು ಈ ಹೋಗಿಬರುವ ಮಾತಿನಿಂದ. ಗೋಡೆಯ ಟಿವಿಯಲ್ಲಿ ಓಡುವ ಇಂಗ್ಲಿಷ್ ಹಾಡು ಮಗುವಿಗೆ ಎಸೆಯುತ್ತದೆ, ಮಗು ಎಸೆದದ್ದನ್ನು ಹಿಡಿಯುವುದಿಲ್ಲ.

ನಾಲ್ಕು ಚಮಚ ಕೊಡು

ಬೈತಖೋಲದ ಅಂಗನವಾಡಿಯಲ್ಲಿ ಕಂಡದ್ದು. ರಟ್ಟಿನಲ್ಲಿ ಕತ್ತರಿಸಿದ ಮೀನುಗಳ ಬುಟ್ಟಿ. ಬಂಗಡೆ, ತಾರ್ಲೆ, ಶೆಟ್ಲಿ. ಮಕ್ಕಳು ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದರು. ಬಂದರಿನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಬ್ಬಳು ಜಾತಿ ನೋಡಿ ಗುಡ್ಡೆ ಮಾಡಿದಳು, ಇನ್ನೊಬ್ಬ ಗಾತ್ರ ನೋಡಿ, ಇಬ್ಬರಿಗೂ ಜಗಳ. ಟೀಚರ್ ಜಗಳ ಬಿಡಿಸಲಿಲ್ಲ. "ಅವಳು ಹೇಗೆ ಮಾಡಿದ್ದಾಳೆ ಹೇಳು ನೋಡುವ" ಎಂದು ಅವನಿಗೆ ಹೇಳಿದರು. ಒಂದೇ ರಾಶಿಯನ್ನು ಎರಡು ರೀತಿ ವಿಂಗಡಿಸಬಹುದು ಎನ್ನುವುದು ಗಣಿತದ ಬೇರು. ಅದು ಅವತ್ತು ಜಗಳದ ರೂಪದಲ್ಲಿ ಬಂತು.

ನನ್ನ ಮಗಳು ಆಗಲೇ ಇಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು, ನನಗೆ ಹೆಮ್ಮೆ. ನಮ್ಮ ನರ್ಸರಿಯಲ್ಲಿ ಅಕ್ಕೋರು ಅವಳಿಗೆ "ನಾಲ್ಕು ಚಮಚ ಕೊಡು" ಅಂದರು. ಒಂದು ಹಿಡಿ ತೆಗೆದುಕೊಟ್ಟಳು. ಸಂಖ್ಯೆಗಳ ಹೆಸರು ಹೇಳುವುದು ಹಾಡು. ಒಂದು ವಸ್ತುವಿಗೆ ಒಂದೇ ಹೆಸರು, ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತ, ಇವು ತಿಳಿದಾಗ ಅದು ಎಣಿಕೆ. ಎರಡರ ನಡುವೆ ಹಲವು ತಿಂಗಳ ದೂರವಿರುತ್ತದೆ. ಊಟಕ್ಕೆ ತಟ್ಟೆ ಹಾಕುವ ಪಾಳಿ ಇಲ್ಲಿ ಮಕ್ಕಳದ್ದೇ. ಒಬ್ಬರಿಗೆ ಒಂದು ತಟ್ಟೆ, ಕಡಿಮೆ ಬಿದ್ದರೆ ಒಬ್ಬ ಅಳುತ್ತಾನೆ. ತಪ್ಪು ತಿದ್ದಲು ಕೆಂಪು ಶಾಯಿ ಬೇಡ.

ಅಂಗನವಾಡಿಯ ಹಾಲಿನ ಹೊತ್ತಿನಲ್ಲಿ ನಾನೇ ಒಂದು ಪರೀಕ್ಷೆ ಮಾಡಿದೆ. ಮಾತಾಡಬೇಡಿ ಎಂಬ ನಿಯಮ ನಮ್ಮ ನರ್ಸರಿಯದ್ದು, ಅಲ್ಲಿಯದ್ದಲ್ಲ. ಒಂದೇ ಅಳತೆಯ ಎರಡು ಲೋಟ ಹಾಲು, ಒಂದನ್ನು ಮಕ್ಕಳ ಎದುರೇ ಉದ್ದನೆಯ ಸಪೂರ ಗ್ಲಾಸಿಗೆ ಬಗ್ಗಿಸಿದೆ. ಯಾವುದರಲ್ಲಿ ಹೆಚ್ಚು? ಎಲ್ಲರೂ ಉದ್ದನೆಯದನ್ನೇ ತೋರಿಸಿದರು, ತಿರುಗಿ ಲೋಟಕ್ಕೆ ಸುರಿದು ತೋರಿಸಿದ ಮೇಲೂ. ಸ್ವಿಸ್ ಮನೋವಿಜ್ಞಾನಿ ಝಾನ್ ಪಿಯಾಜೆ ಇದನ್ನು ಪ್ರಸಿದ್ಧಗೊಳಿಸಿದರು. ಆರೇಳು ವರ್ಷದವರೆಗೆ ಹೆಚ್ಚಿನ ಮಕ್ಕಳಿಗೆ ಕಣ್ಣು ಹೇಳಿದ್ದೇ ಸತ್ಯ. ವಿವರಿಸಿ ಪ್ರಯೋಜನವಿಲ್ಲ. ಸಾವಿರ ಸಲ ಸುರಿದು, ಚೆಲ್ಲಿ, ತುಂಬಿ ನೋಡಿದ ಮೇಲೆ ಒಂದು ದಿನ ತಾನಾಗಿ ತಿಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹಂಚಿನಿಂದ ಸುರಿಯುವ ನೀರಿಗೆ ಡಬ್ಬ ಹಿಡಿಯುವ ಮಗುವನ್ನು ಬೈಯುವ ಮೊದಲು ನಾನೀಗ ಎರಡು ಸಲ ಯೋಚಿಸುತ್ತೇನೆ. ಆಮೇಲೆ ಬೈಯುತ್ತೇನೆ, ಅದು ಬೇರೆ.

ಕೆರೆ, ದಡ

ನೆಲದ ಮೇಲೆ ಒಂದು ಗೆರೆ. "ಕೆರೆ" ಅಂದರೆ ಆಚೆ ಹಾರಬೇಕು, "ದಡ" ಅಂದರೆ ಈಚೆ. ನಾವೆಲ್ಲ ಆಡಿದ ಆಟ. ಮೂರನೆಯ ದಿನ ದೊಡ್ಡ ಮಕ್ಕಳಿಗೆ ಅಕ್ಕೋರು ನಿಯಮ ತಿರುಗಿಸಿದರು: "ಕೆರೆ" ಅಂದರೆ ದಡಕ್ಕೆ, "ದಡ" ಅಂದರೆ ಕೆರೆಗೆ. ಮಕ್ಕಳ ಮುಖ ನೋಡಬೇಕಿತ್ತು. ಕಾಲು ಹಾರಲು ಹೊರಟಿದೆ, ತಲೆ ತಡೆಯುತ್ತಿದೆ.

ಆ ತಡೆಯುವಿಕೆಯೇ ಇಲ್ಲಿನ ಪಾಠ. ನಿಯಮವನ್ನು ನೆನಪಿನಲ್ಲಿ ಹಿಡಿದಿರುವುದು, ತಟ್ಟನೆ ಬರುವ ಆಸೆಯನ್ನು ನಿಲ್ಲಿಸುವುದು, ನಿಯಮ ಬದಲಾದರೆ ತಾನೂ ಬದಲಾಗುವುದು. ಹಣೆಯ ಹಿಂದಿನ ಮಿದುಳಿನ ಭಾಗ ಮಾಡುವ ಈ ಮೂರು ಕೆಲಸಗಳು ಮೂರರಿಂದ ಐದರ ನಡುವೆ ವೇಗವಾಗಿ ಬೆಳೆಯುತ್ತವೆ. ಮಕ್ಕಳ ಸ್ವನಿಯಂತ್ರಣವನ್ನು ಅಳೆಯಲು ಸಂಶೋಧಕರು ಬಳಸುವ ಒಂದು ಪ್ರಸಿದ್ಧ ಪರೀಕ್ಷೆಯೂ ಹೀಗೇ ಇದೆ: ತಲೆ ಮುಟ್ಟು ಅಂದರೆ ಕಾಲ ಬೆರಳು ಮುಟ್ಟಬೇಕು. ಒಂದನೆಯ ತರಗತಿಯಲ್ಲಿ ಕೂತು ಕೇಳಬಲ್ಲ ಮಗುವನ್ನು ಮಾಡುವುದು "ಕೈ ಕಟ್ಟಿ ಬಾಯ್ಮುಚ್ಚು" ಅಲ್ಲ, ಇಂಥ ಆಟ.

ಮೂರು ದಿನವೂ ನನ್ನ ಮಗಳು ಯಾರ ಜೊತೆಗೂ ಆಡದೆ, ಇನ್ನೊಬ್ಬಳ ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಮರಳು ತುಂಬುತ್ತಿದ್ದಳು. ನನಗೆ ಸಂಕಟ. ಮಿಲ್ಡ್ರೆಡ್ ಪಾರ್ಟನ್ ಎಂಬ ಅಮೆರಿಕದ ಸಂಶೋಧಕಿ 1932ರಲ್ಲೇ ಇದನ್ನು ವಿಂಗಡಿಸಿದ್ದರು: ಒಂಟಿ ಆಟ, ನೋಡುತ್ತಾ ನಿಲ್ಲುವುದು, ಪಕ್ಕ-ಪಕ್ಕದ ಆಟ, ಆಮೇಲೆ ಸೇರಿ ಆಡುವುದು, ಕೊನೆಗೆ ಪಾತ್ರ ಹಂಚಿಕೊಂಡು ಆಡುವುದು. ಪಕ್ಕ-ಪಕ್ಕ ಕೂರುವುದು ಈ ವಯಸ್ಸಿನ ಸ್ನೇಹ. ಬಕೆಟ್ ಒಂದೇ ಇದ್ದು ಇಬ್ಬರಿಗೂ ಬೇಕಾದಾಗ ಮುಂದಿನ ಮೆಟ್ಟಿಲು ತಾನಾಗಿ ಬರುತ್ತದೆ, ಸ್ವಲ್ಪ ಕೂದಲು ಜಗ್ಗಾಟದೊಂದಿಗೆ.

ಊಟ ಕೊಡುವ ಜಾಗ

ಅಂಗನವಾಡಿಯನ್ನು ಬರೀ "ಊಟ ಕೊಡುವ ಜಾಗ" ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಆ ಹೆಸರು ಮತ್ತು ಕಲ್ಪನೆ ಇದೇ ಕೊಂಕಣ ಕರಾವಳಿಯ ಉತ್ತರ ತುದಿಯಿಂದ ಬಂದದ್ದು. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಅದರಲ್ಲಿ ನಮ್ಮ ರಾಜ್ಯದ್ದು ತಿ. ನರಸೀಪುರ. ಮೂರರಿಂದ ಆರು ವರ್ಷದ ಮಗುವಿಗೆ ಪೂರಕ ಆಹಾರ ಕೊಡುವುದೂ ಅದರ ಕೆಲಸ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೂ ಸೇರಿತು. ಹಸಿದ ಮಗು, ರಕ್ತಹೀನತೆಯಿರುವ ಮಗು ಗಮನವಿಟ್ಟು ಕಥೆ ಕೇಳಲಾರದು. ಊಟವೂ ಪಾಠದ ಭಾಗವೇ.

ಮನೆಯವರಿಗೆ ಕಾಣದ್ದು ಇಲ್ಲಿ ಕಾಣುವುದೂ ಉಂಟು. ಮನೆಯಲ್ಲಿ ಒಂದೇ ಮಗು, ಹೋಲಿಸಲು ಯಾರಿಲ್ಲ. ಇಲ್ಲಿ ಹತ್ತಾರು. ನಮ್ಮ ನರ್ಸರಿಯಲ್ಲಿ ಒಬ್ಬ ಹುಡುಗ ಯಾವಾಗಲೂ ಮುಂದೆ ಬಂದು ಅಕ್ಕೋರ ಬಾಯಿ ನೋಡುತ್ತಾ ಕೂರುತ್ತಿದ್ದ, ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮನೆಯಲ್ಲಿ "ಹೇಳಿದ್ದು ಕೇಳದವ" ಎಂದು ಪೆಟ್ಟು. ಅಕ್ಕೋರು ಕಿವಿ ತೋರಿಸಲು ಹೇಳಿದರು. ಮಳೆಗಾಲದ ನೆಗಡಿಯಿಂದ ಕಿವಿತಮಟೆಯ ಹಿಂದೆ ದ್ರವ ತುಂಬಿಕೊಂಡಿತ್ತು. ಈ ವಯಸ್ಸಿನಲ್ಲಿ ಸಾಮಾನ್ಯ, ಹೆಚ್ಚಾಗಿ ವಾಸಿಯಾಗುವಂಥದ್ದು, ಆದರೆ ತಿಂಗಳುಗಟ್ಟಲೆ ಉಳಿದರೆ ಮಾತು ಕಲಿಯುವುದು ಹಿಂದೆ ಬೀಳುತ್ತದೆ. ಅಂಗನವಾಡಿ ಮಕ್ಕಳಾದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ತಪಾಸಣೆಗೆ ಬರಬೇಕು. ಖಾಸಗಿ ನರ್ಸರಿಯವರಿಗೆ ಅಕ್ಕೋರ ಕಣ್ಣೇ ಗತಿ.

ಎಲ್ಲ ನರ್ಸರಿಯಿಂದಲೂ ಲಾಭವೇ?

ಇಲ್ಲ. ಇದನ್ನು ಹೇಳದೆ ಬಿಟ್ಟರೆ ಮೋಸವಾದೀತು.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಊರಿನಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರಿಸ್ಕೂಲ್ ಪ್ರಯೋಗವನ್ನು ಭಾಷಣಗಳಲ್ಲಿ ಬಹಳ ಕೇಳುತ್ತೇವೆ. ಬಡ ಮನೆಗಳ 123 ಮಕ್ಕಳು. 58 ಮಂದಿಗೆ ಶಾಲಾಪೂರ್ವ ಶಿಕ್ಷಣ, 65 ಮಂದಿಗೆ ಇಲ್ಲ. ಬುದ್ಧಿಮತ್ತೆಯ ಅಂಕದಲ್ಲಿ ಮೊದಲು ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತನೆಯ ವಯಸ್ಸಿನಲ್ಲಿ ನೋಡಿದಾಗ ಹೋದವರಲ್ಲಿ ಉದ್ಯೋಗ, ಸಂಪಾದನೆ ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಭಾಷಣದಲ್ಲಿ ಬಿಟ್ಟುಹೋಗುವ ವಿವರ ಎಂದರೆ ಅಲ್ಲಿ ಐದಾರು ಮಕ್ಕಳಿಗೆ ಒಬ್ಬ ತರಬೇತಾದ ಶಿಕ್ಷಕಿ ಇದ್ದರು, ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಕೂರುತ್ತಿದ್ದರು.

ಅದೇ ದೇಶದ ಟೆನೆಸಿ ರಾಜ್ಯದಲ್ಲಿ ಸುಮಾರು 3,000 ಮಕ್ಕಳನ್ನು ಅನುಸರಿಸಿದ ಅಧ್ಯಯನ 2022ರಲ್ಲಿ ಬಂತು. ಆರನೆಯ ತರಗತಿಗೆ ಬರುವಾಗ ಸರ್ಕಾರಿ ಪ್ರಿ-ಕೆಜಿಗೆ ಹೋದವರು ಹೋಗದವರಿಗಿಂತ ಪರೀಕ್ಷೆಯಲ್ಲೂ ನಡತೆಯಲ್ಲೂ ಹಿಂದಿದ್ದರು. ಏಕೆ ಎಂಬ ಚರ್ಚೆ ಮುಗಿದಿಲ್ಲ. ಇಡೀ ತರಗತಿಯನ್ನು ಕೂರಿಸಿ ಪಾಠ ಹೇಳುವುದು, ಸಾಲು ನಿಲ್ಲಿಸಿ ಕಾಯಿಸುವುದು ಹೆಚ್ಚಾಗಿತ್ತು ಎಂಬ ಅನುಮಾನ ಅಧ್ಯಯನ ಮಾಡಿದವರಿಗೇ ಇದೆ. ಓದಿದಾಗ ನನಗೆ ಅಕ್ಕಿ ಡಬ್ಬಿಯ ಪೆನ್ಸಿಲ್ ನೆನಪಾಯಿತು.

ನಮ್ಮಲ್ಲಿ ಕಾನೂನು ಈ ವಯಸ್ಸಿನ ಬಗ್ಗೆ ಮೆತ್ತಗಿದೆ. ಶಿಕ್ಷಣ ಹಕ್ಕು ಆರರಿಂದ ಹದಿನಾಲ್ಕು ವರ್ಷದವರದ್ದು. ಆರರೊಳಗಿನವರ ಆರೈಕೆ, ಶಿಕ್ಷಣಕ್ಕೆ ರಾಜ್ಯ ಪ್ರಯತ್ನಿಸಬೇಕು ಎಂದಷ್ಟೇ ಸಂವಿಧಾನದ 45ನೆಯ ವಿಧಿ. ಹಾಗಾಗಿ ನೋಡಿ ಆರಿಸುವ ಭಾರ ಅಪ್ಪ-ಅಮ್ಮನದ್ದೇ. ನಾನೀಗ ಯಾರಾದರೂ ಕೇಳಿದರೆ ಹೇಳುವುದು: ಒಬ್ಬ ಟೀಚರಿಗೆ ಎಷ್ಟು ಮಕ್ಕಳು ಕೇಳಿ. ಮೂರರ ಮೇಲಿನವರಿಗೆ ಇಪ್ಪತ್ತಕ್ಕಿಂತ ಹೆಚ್ಚಿರಬಾರದು ಎಂದು ಕೇಂದ್ರ ಸರ್ಕಾರದ ಮಾನದಂಡವೇ ಹೇಳುತ್ತದೆ. ಪಾಯಿಖಾನೆ ನೋಡಿ, ಮಗು ತಾನೇ ನಲ್ಲಿ ಮುಟ್ಟಬಲ್ಲದೇ ನೋಡಿ. ಆಟಿಕೆಗಳು ಕಪಾಟಿನ ಮೇಲ್ತುದಿಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದ್ದರೆ ಅವು ನಿಮಗೆ ತೋರಿಸಲು ಇಟ್ಟವು. ಹತ್ತು ನಿಮಿಷ ಹೊರಗೆ ನಿಂತು ಕೇಳಿಸಿಕೊಳ್ಳಿ, ಮಕ್ಕಳ ದನಿ ಹೆಚ್ಚೋ ಟೀಚರ್ ದನಿ ಹೆಚ್ಚೋ.

ಮಾರ್ಚ್‌ನಲ್ಲಿ ನರ್ಸರಿಯವರು ಅಂಕಪಟ್ಟಿ ಕೊಡಲಿಲ್ಲ. ಆರರೊಳಗಿನ ಮಕ್ಕಳಿಗೆ ಪರೀಕ್ಷೆ ಸಲ್ಲದು ಎಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ, ಈ ಅಕ್ಕೋರು ಅದಕ್ಕೂ ಮೊದಲಿನಿಂದ ಹಾಗೇ. ಕೊಟ್ಟದ್ದು ಕೈಬರಹದ ಒಂದು ಹಾಳೆ. "ಹಾಲು ಚೆಲ್ಲದೆ ಬಗ್ಗಿಸುತ್ತಾಳೆ. ಐದರವರೆಗೆ ಕೇಳಿದಷ್ಟು ಎಣಿಸಿ ಕೊಡುತ್ತಾಳೆ. ಇಬ್ಬರ ಜೊತೆ ಸೇರಿ ಅಂಗಡಿ ಆಟ ಆಡುತ್ತಾಳೆ, ಯಾವಾಗಲೂ ತಾನೇ ಅಂಗಡಿಯವಳು. ಕಥೆಯ ಕೊನೆ ಇಷ್ಟವಾಗದಿದ್ದರೆ ಬದಲಿಸಿ ಹೇಳುತ್ತಾಳೆ. ಕೊಂಕಣಿ ಕಲಿತಿದ್ದಾಳೆ, ಬೈಗುಳ ಸೇರಿ. ಚಪ್ಪಲಿ ಎಡ-ಬಲ ಇನ್ನೂ ಅದಲುಬದಲು."

ಆ ಎರಡು ಪಟ್ಟಿಗಳಲ್ಲಿ ಒಂದನ್ನು ದೊಡ್ಡವ ಗಣಿತದ ರಫ್ ಕೆಲಸಕ್ಕೆ ಹೊತ್ತೊಯ್ದ. ಇನ್ನೊಂದರಲ್ಲಿ ನಾನು ಹಾಲಿನವನ ಲೆಕ್ಕ ಬರೆಯುತ್ತಿದ್ದೇನೆ.